ಮುಖವೂ ಬೆಟ್ಟವೂ ಜೊತೆಜೊತೆಗೆ: ತೈಲವರ್ಣದ ಭಾವಚಿತ್ರ ನಾನು ಮಾಡುವ ಬಗೆ

ಬಿಳಿ ಕ್ಯಾನ್ವಾಸ್ ಮೇಲೆ ಮುಖ ಪೂರ್ತಿ ಮುಗಿಸಿ, ಆಮೇಲೆ ಹಿಂದೆ ಬೆಟ್ಟ ತುಂಬಲು ಹೋದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಬಿಳಿಯ ಪಕ್ಕದಲ್ಲಿ ಗೋಧಿಬಣ್ಣದ ಕೆನ್ನೆಯೂ ಕಪ್ಪಗೆ ಕಾಣುತ್ತದೆ. ಕೈ ತಾನಾಗಿ ಬಿಳಿ ಬೆರೆಸುತ್ತ ಹೋಗುತ್ತದೆ. ಹಿನ್ನೆಲೆ ಬಂದ ದಿನ ಮುಖ ಸುಣ್ಣ ಬಳಿದಂತಿರುತ್ತದೆ.

ಹಾಗಾಗಿ 18x24 ಇಂಚಿನ ಕ್ಯಾನ್ವಾಸಿಗೆ ಇನ್ನೆರಡು ಕೋಟು ಜೆಸ್ಸೊ (ಬಣ್ಣ ಹಿಡಿಯಲೆಂದು ಬಳಿಯುವ ಬಿಳಿ ತಳಲೇಪ) ಕೊಟ್ಟು, ಒಣಗಿದ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಟರ್ಪೆಂಟೈನಿನಲ್ಲಿ ತೆಳುಮಾಡಿದ ಬರ್ನ್ಟ್ ಅಂಬರ್ ಬಳಿದು ಬಟ್ಟೆಯಲ್ಲಿ ಒರೆಸುತ್ತೇನೆ. ಒಣಗಲು ಒಂದೆರಡು ದಿನ ಸಾಕು. ಈ ಕಂದು ನೆಲದ ಮೇಲೆ ಬೆಳಕು ಯಾವುದು, ನೆರಳು ಯಾವುದು ಎಂದು ಕಣ್ಣಿಗೆ ಬೇಗ ತಿಳಿಯುತ್ತದೆ.

ದಿಗಂತದ ಗೆರೆ ಎಲ್ಲಿ ಹಾಯಬೇಕೆಂಬುದು ಇದ್ದಿಲಿನಲ್ಲಿ ಗೀಚುವಾಗಲೇ ತೀರ್ಮಾನವಾಗಬೇಕು. ಕುತ್ತಿಗೆಗೆ ಅಡ್ಡ ಬಂದರೆ ತಲೆ ಕತ್ತರಿಸಿಟ್ಟಂತೆ. ನಾನು ಭುಜದ ಮಟ್ಟದಲ್ಲಿಡುತ್ತೇನೆ. ಮೋನಾಲಿಸಾ ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಕಣ್ಣಿನ ಮಟ್ಟದಲ್ಲಿದೆ, ಸಾಲದ್ದಕ್ಕೆ ಎಡಕ್ಕೊಂದು ಎತ್ತರ, ಬಲಕ್ಕೊಂದು ಎತ್ತರ; ಆ ಧೈರ್ಯ ಲಿಯೊನಾರ್ಡೊಗೇ ಇರಲಿ.

ಆಕಾಶ, ಬೆಟ್ಟ, ಮುಖ ಮೂರಕ್ಕೂ ಮೊದಲ ಪದರ ಒಂದೇ ದಿನ, ತೆಳ್ಳಗೆ. ನಮ್ಮ ಮೈಬಣ್ಣಕ್ಕೆ ಕೆಂಗಂದಿನ ಬರ್ನ್ಟ್ ಸಿಯೆನ್ನಾ, ಮಣ್ಣುಹಳದಿಯ ಯೆಲ್ಲೋ ಓಕರ್, ತುಸು ಬಿಳಿ. ನೆರಳಿಗೆ ಕಪ್ಪು ಬೇಡ, ಬೂದಿಯಾಗುತ್ತದೆ. ಬರ್ನ್ಟ್ ಅಂಬರಿಗೆ ಅಲ್ಟ್ರಾಮರೀನ್ ನೀಲಿ ಸೇರಿಸಿ. ಅದೇ ನೀಲಿಗೆ ಹೆಚ್ಚು ಬಿಳಿ, ಚೂರು ಸಿಯೆನ್ನಾ ಬೆರೆಸಿದರೆ ದೂರದ ಸಹ್ಯಾದ್ರಿ ಸಾಲು. ದೂರ ಹೋದಷ್ಟೂ ಬೆಟ್ಟ ತಿಳಿಯಾಗಬೇಕು, ಅಂಚು ಮಸುಕಾಗಬೇಕು. ಹಿಂದಿನ ಮರದ ಎಲೆ ಎಣಿಸುವಂತೆ ಬರೆದರೆ ಅದು ಮುಖದ ಮುಂದೆ ಬಂದು ನಿಲ್ಲುತ್ತದೆ.

ಕಿಟಕಿಯ ಬೆಳಕು ಎಡಗೆನ್ನೆಗೆ ಬಿದ್ದು ಬೆಟ್ಟದ ಬಿಸಿಲು ಬಲಗಡೆಯಿಂದ ಬಂದರೆ ಚಿತ್ರ ಸ್ಟುಡಿಯೊ ಪರದೆಯಂತಾಗುತ್ತದೆ. ಇನ್ನು ಕೂದಲು. ಆಕಾಶದ ಬಣ್ಣವನ್ನು ಕೂದಲಂಚಿನಿಂದ ಅರ್ಧ ಇಂಚು ಒಳಕ್ಕೆ ತಂದು, ಹಸಿಯಿದ್ದಾಗಲೇ ಅದರ ಮೇಲೆ ಕೂದಲನ್ನು ಎಳೆಯಬೇಕು. ಇಲ್ಲದಿದ್ದರೆ ತಲೆಯ ಸುತ್ತ ಪ್ರಭಾವಳಿ ಗ್ಯಾರಂಟಿ!

ಮೊದಲ ಪದರಕ್ಕೆ ಬರೀ ಟರ್ಪೆಂಟೈನ್, ಕೊನೆಯದಕ್ಕೆ ಅಷ್ಟೇ ಪಾಲು ಅಗಸೆ ಎಣ್ಣೆ ಕೂಡಿಸಿ. ತಿರುವುಮುರುವಾದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ. ವಾರ್ನಿಷ್ ಆರು ತಿಂಗಳ ನಂತರ, ಅದೂ ಮಳೆಗಾಲ ಕಳೆದ ಮೇಲೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.