ಅಕ್ರಾದ ಅಂಕಿ, ಒಲೊಂಕದ ಅಳತೆ: ಘಾನಾದ ಬೆಳವಣಿಗೆಯನ್ನು ನಾನು ಲೆಕ್ಕ ಹಾಕುವ ಬಗೆ

ಘಾನಾದ ಜಿಡಿಪಿ ಕಡತ ಕೈಗೆ ಬಂದ ಕೂಡಲೇ ನಾನು ಬೆಳವಣಿಗೆ ದರದ ಕಡೆ ಕಣ್ಣು ಹಾಯಿಸುವುದಿಲ್ಲ. ತಲೆಬರಹದ ಕೆಳಗೆ ಸಣ್ಣಕ್ಷರದಲ್ಲಿ ಅಡಗಿರುವ ಮೂಲ ವರ್ಷವನ್ನು, ಅಂದರೆ ಯಾವ ವರ್ಷದ ಬೆಲೆ ಹಿಡಿದು ಲೆಕ್ಕ ಹಾಕಿದ್ದಾರೋ ಆ ವರ್ಷವನ್ನು, ಹುಡುಕುತ್ತೇನೆ. 1993, 2006, 2013, ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಮುಂದಿನ ಒಂದು ಸಾಲನ್ನೂ ಮುಟ್ಟಬಾರದು.

ಕಾರಣ ಇಷ್ಟು. 2010ರ ನವೆಂಬರ್‌ನಲ್ಲಿ ರಾಜಧಾನಿ ಅಕ್ರಾದ ಸರ್ಕಾರಿ ಅಂಕಿಅಂಶ ಸಂಸ್ಥೆ ಘಾನಾ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಮೂಲ ವರ್ಷವನ್ನು 1993ರಿಂದ 2006ಕ್ಕೆ ತಂದಿತು. ಹಳೆಯ ಲೆಕ್ಕದಲ್ಲಿ 2006ರ ಜಿಡಿಪಿ ಸುಮಾರು 1,167 ಕೋಟಿ ಸೆಡಿ ಇತ್ತು, ಹೊಸ ಲೆಕ್ಕದಲ್ಲಿ ಅದೇ ವರ್ಷದ್ದು 1,870 ಕೋಟಿ. ಬೆಳಗಾಗುವುದರೊಳಗೆ ಆರ್ಥಿಕತೆ ಶೇ. 60ರಷ್ಟು ದೊಡ್ಡದಾಯಿತು, ದೇಶ ಕೆಳ ಮಧ್ಯಮ ಆದಾಯದ ಸಾಲಿಗೆ ಬಂತು. ಯಾರ ಹೊಲದಲ್ಲೂ ಒಂದು ಗೆಡ್ಡೆ ಹೆಚ್ಚಿಗೆ ಬೆಳೆದಿರಲಿಲ್ಲ. ಹಿಂದೆ ಎಣಿಸದೇ ಬಿಟ್ಟದ್ದನ್ನು, ಮುಖ್ಯವಾಗಿ ಸೇವಾ ವಲಯವನ್ನು, ಈಗ ಎಣಿಸಿದ್ದರು ಅಷ್ಟೇ. 2018ರಲ್ಲಿ ಮೂಲ ವರ್ಷ 2013ಕ್ಕೆ ಬದಲಾದಾಗ 2017ರ ಜಿಡಿಪಿ ಮತ್ತೆ ಶೇ. 24.6ರಷ್ಟು ಹಿಗ್ಗಿತು. ಪಶ್ಚಿಮ ಆಫ್ರಿಕಾದ್ದೇ ಆದ ನೈಜೀರಿಯಾ 2014ರಲ್ಲಿ ಮೂಲ ವರ್ಷವನ್ನು 1990ರಿಂದ 2010ಕ್ಕೆ ತಂದಾಗ ಹಿಗ್ಗಿದ್ದು ಶೇ. 89.

ಇಂಥ ಎರಡು ಸರಣಿಗಳನ್ನು ಒಂದರ ಕೆಳಗೊಂದು ಅಂಟಿಸಿದರೆ ಸೇರಿಸಿದ ವರ್ಷದಲ್ಲಿ ಶೇ. 60ರ ಸುಳ್ಳು ಬೆಳವಣಿಗೆ ಕಾಣಿಸುತ್ತದೆ. ಅದಕ್ಕೆ ನಾನು ಬೆಸೆಯುವುದು ಹೀಗೆ: ಹೊಸ ಸರಣಿಯ 2006ರ ಮೊತ್ತವನ್ನು ಹಾಗೇ ಇಟ್ಟುಕೊಂಡು, ಹಳೆಯ ಸರಣಿಯ ವಾರ್ಷಿಕ ದರಗಳನ್ನು ಬಳಸಿ ಒಂದೊಂದೇ ವರ್ಷ ಹಿಂದಕ್ಕೆ ಭಾಗಿಸುತ್ತಾ ಹೋಗುವುದು. ಪ್ರತಿ ವಲಯಕ್ಕೂ ಬೇರೆ ಬೇರೆ, ಒಟ್ಟಿಗೂ ಬೇರೆ. ಹೀಗೆ ಮಾಡಿದಾಗ ವಲಯಗಳನ್ನು ಕೂಡಿದರೆ ಒಟ್ಟು ಬರುವುದಿಲ್ಲ. ಬರಲೂಬಾರದು. ಅದನ್ನು ಬಲವಂತವಾಗಿ ಹೊಂದಿಸಲು ಹೋಗಬೇಡಿ, ವ್ಯತ್ಯಾಸಕ್ಕೆ ಒಂದು ಕಾಲಂ ಬಿಡಿ.

ಈ ಬೆಸುಗೆಯಲ್ಲೊಂದು ಊಹೆ ಅಡಗಿದೆ: ಬಿಟ್ಟುಹೋಗಿದ್ದ ಶೇ. 60 ಭಾಗ 1993ರಲ್ಲೇ ಅಷ್ಟೇ ಪ್ರಮಾಣದಲ್ಲಿ ಬಿಟ್ಟುಹೋಗಿತ್ತು ಎಂಬುದು. ಮೊಬೈಲ್ ಫೋನ್ ಕಂಪನಿಗಳ ಮಟ್ಟಿಗಂತೂ ಇದು ಸುಳ್ಳು. ವಿರುದ್ಧ ತುದಿಯ ಊಹೆ, 1993ರಲ್ಲಿ ಏನೂ ಬಿಟ್ಟಿರಲಿಲ್ಲ, ಅಂತರವೆಲ್ಲ 13 ವರ್ಷಗಳಲ್ಲಿ ಸಮವಾಗಿ ಹುಟ್ಟಿತು ಎಂಬುದು. 1.60ರ 13ನೇ ಮೂಲ ತೆಗೆದರೆ ವರ್ಷಕ್ಕೆ ಶೇ. 3.7 ಬರುತ್ತದೆ. ಅಧಿಕೃತ ಶೇ. 5ಕ್ಕೆ ಅದನ್ನು ಸೇರಿಸಿದರೆ ಹೆಚ್ಚುಕಡಿಮೆ ಶೇ. 9. ಅಷ್ಟು ವೇಗದಲ್ಲಿ ಬೆಳೆದ ದೇಶದ ಗುರುತು ವಿದ್ಯುತ್ತಿನಲ್ಲೋ ಸಿಮೆಂಟಿನಲ್ಲೋ ಎಲ್ಲಾದರೂ ಕಾಣಬೇಕಿತ್ತು. ಕಾಣುವುದಿಲ್ಲ. ಸತ್ಯ ಎರಡರ ನಡುವೆ ಎಲ್ಲೋ ಇದೆ. ನಾನು ಎರಡೂ ಗೆರೆಗಳನ್ನು ಎಳೆದು ನಡುವಿನ ಜಾಗಕ್ಕೆ ಬಣ್ಣ ತುಂಬುತ್ತೇನೆ, ಒಂದೇ ಗೆರೆ ಎಳೆಯುವ ಧೈರ್ಯ ಮಾಡುವುದಿಲ್ಲ.

ಇನ್ನೊಂದು ಗುಂಡಿ ನಾಣ್ಯದ್ದು. 2007ರ ಜುಲೈ 1ರಂದು 10,000 ಹಳೆ ಸೆಡಿಯನ್ನು 1 ಹೊಸ ಸೆಡಿ ಎಂದು ಮಾಡಿದರು. ಹಳೆಯ ಕೋಷ್ಟಕಗಳಲ್ಲಿ ಕೆಲವು ಹಳೆ ಸೆಡಿಯಲ್ಲಿವೆ, ಕೆಲವನ್ನು ಆಮೇಲೆ ಪರಿವರ್ತಿಸಿದ್ದಾರೆ, ಕೆಲವು ಅರ್ಧಂಬರ್ಧ. ಮೊತ್ತವನ್ನು ಜನಸಂಖ್ಯೆಯಿಂದ ಭಾಗಿಸಿ ನೋಡಿದರೆ ಒಂದು ನಿಮಿಷದಲ್ಲಿ ತಪ್ಪು ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೆ ಕೋಕೋ. ಜಿಡಿಪಿಯಲ್ಲಿ ಅದರ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಜೋರು. ದೇಶದ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ, ಕೋಕೋ ಋತು 2023ರವರೆಗೆ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ ಇತ್ತು. ಹಾಗಾಗಿ 2021ರ ಕೋಕೋ ಎಂದರೆ 2020/21ರ ಕೊನೆಯ ಒಂಬತ್ತು ತಿಂಗಳು, ಜೊತೆಗೆ 2021/22ರ ಮೊದಲ ಮೂರು ತಿಂಗಳು. ತಿಂಗಳ ಲೆಕ್ಕ ಹಿಡಿದು ಮುಕ್ಕಾಲು–ಕಾಲು ಎಂದು ಹಂಚುವುದು ಎಲ್ಲರೂ ಮಾಡುವ ತಪ್ಪು. ಮುಖ್ಯ ಫಸಲು ಬರುವುದೇ ಅಕ್ಟೋಬರ್ ನಂತರ. 2020/21ರಲ್ಲಿ ಸುಮಾರು 10.4 ಲಕ್ಷ ಟನ್, 2021/22ರಲ್ಲಿ ಸುಮಾರು 6.8 ಲಕ್ಷ ಟನ್. ಮುಕ್ಕಾಲು–ಕಾಲು ಹಂಚಿದರೆ 2021ಕ್ಕೆ 9.5 ಲಕ್ಷ ಟನ್ ಬರುತ್ತದೆ. ಮೊದಲ ಮೂರು ತಿಂಗಳಲ್ಲೇ ಋತುವಿನ ಅರ್ಧ ಬರುತ್ತದೆಂದು ಹಿಡಿದರೆ 8.6 ಲಕ್ಷ. ಇದೊಂದರಿಂದಲೇ ಶೇ. 10ರಷ್ಟು ವ್ಯತ್ಯಾಸ. ಸರ್ಕಾರಿ ಕೋಕೋ ಮಂಡಳಿಯ ವಾರವಾರದ ಖರೀದಿ ಅಂಕಿ ಸಿಕ್ಕಿದರೆ ಈ ಊಹೆಯೇ ಬೇಡ. ಖರೀದಿ ಅಂಕಿ ಚೀಲದಲ್ಲಿದ್ದರೆ 16 ಚೀಲಕ್ಕೆ ಒಂದು ಟನ್. ಚೀಲವನ್ನು 64 ಕಿಲೋ ಎನ್ನುತ್ತಾರೆ, ಆದರೆ ಬೆಲೆ ನಿಗದಿಯಲ್ಲಿ ಟನ್ನಿಗೆ 16 ಚೀಲ ಎಂದೇ ಹಿಡಿಯುತ್ತಾರೆ. 64ರಿಂದ ಗುಣಿಸಿದರೆ ಶೇ. 2ಕ್ಕಿಂತ ಹೆಚ್ಚು ಉಬ್ಬುತ್ತದೆ.

ಕೋಕೋಗೆ ಗಡಿ ಗೊತ್ತಿಲ್ಲ ಎಂಬುದೂ ನೆನಪಿರಲಿ. ಘಾನಾದ ಮಂಡಳಿ ಕೊಡುವ ಬೆಲೆ ಐವರಿ ಕೋಸ್ಟ್‌ಗಿಂತ ಮೇಲಿದ್ದರೆ ಬೀಜ ಈ ಕಡೆ ಬರುತ್ತದೆ, ಕೆಳಗಿದ್ದರೆ ಆ ಕಡೆಗೋ ಟೋಗೋ ಕಡೆಗೋ ಹೋಗುತ್ತದೆ. 2010/11ರಲ್ಲಿ ಘಾನಾದ ಖರೀದಿ ಮೊದಲ ಬಾರಿ 10 ಲಕ್ಷ ಟನ್ ದಾಟಿತು. ಅದೇ ಹೊತ್ತಿಗೆ ಐವರಿ ಕೋಸ್ಟ್‌ನಲ್ಲಿ ಚುನಾವಣೆಯ ನಂತರದ ಕಾಳಗ ನಡೆದಿತ್ತು. ಖರೀದಿಯನ್ನೇ ಉತ್ಪಾದನೆ ಎಂದು ಬರೆದುಕೊಂಡರೆ ಪಕ್ಕದ ಮನೆಯ ಫಸಲು ನಮ್ಮ ಕಣಜದಲ್ಲಿ ಎಣಿಕೆಯಾಗುತ್ತದೆ. ನಾನು ಮಾಡುವ ಪರೀಕ್ಷೆ ಸರಳ: ಗಡಿಗೆ ಅಂಟಿದ ಪಶ್ಚಿಮದ ಪ್ರದೇಶದ ಖರೀದಿ ಏರಿಕೆಯನ್ನು ಒಳನಾಡಿನ ಅಶಾಂಟಿಯ ಏರಿಕೆಯೊಂದಿಗೆ ಹೋಲಿಸುವುದು. ಮಳೆಯ ಏರಿಳಿತ ಎರಡಕ್ಕೂ ಸಾಮಾನ್ಯವಾಗಿ ಒಂದೇ ದಿಕ್ಕಿನದು. ಪಶ್ಚಿಮದ್ದು ಮಾತ್ರ ನೆಗೆದಿದ್ದರೆ ಹೆಚ್ಚುವರಿಯನ್ನು ಅನುಮಾನದ ಕಾಲಂಗೆ ಹಾಕುತ್ತೇನೆ. ನಿಮ್ಮ ಕೋಷ್ಟಕ 2019ರ ಆಚೀಚೆ ಹರಡಿದ್ದರೆ ಮಾತ್ರ ಜಾಗ್ರತೆ. ಆ ವರ್ಷ 10 ಪ್ರದೇಶಗಳು 16 ಆದವು, ಪಶ್ಚಿಮ ಪ್ರದೇಶವೂ ಒಡೆಯಿತು.

ಮರಗೆಣಸು, ಯಾಮ್ ಗೆಡ್ಡೆಗಳ ವಿಷಯ ಇನ್ನೂ ಜಟಿಲ. ಮರಗೆಣಸಿಗೆ ಕೊಯ್ಲಿನ ದಿನವೆಂಬುದೇ ಇಲ್ಲ. ಬೇಕಾದಾಗ ಅಗೆಯುತ್ತಾರೆ, ಬೇಡವಾದರೆ ನೆಲದಲ್ಲೇ ಇರುತ್ತದೆ. ಸಂತೆಯ ಅಳತೆಗಳಲ್ಲಿ ಒಲೊಂಕ ಎಂಬ ಡಬ್ಬಿ ಇದೆ. ನಮ್ಮಲ್ಲಿ ಸೇರು, ಪಾವು ಊರಿಂದೂರಿಗೆ ಬದಲಾಗುತ್ತಿದ್ದ ಹಾಗೆ ಇದೂ. ಮೆಕ್ಕೆಜೋಳವಾದರೆ ಸುಮಾರು ಎರಡೂವರೆ ಕಿಲೋ ಹಿಡಿಯುತ್ತದೆ, ಗೋಪುರ ಏರಿಸಿ ಅಳೆದರೆ ಇನ್ನೂ ಹೆಚ್ಚು. ಯಾಮ್ ಮಾರುವುದು ನೂರರ ಲೆಕ್ಕದಲ್ಲಿ, ಆದರೆ ಆ 'ನೂರು' ಎಷ್ಟೋ ಕಡೆ 110. ಅಭಾವದ ತಿಂಗಳಲ್ಲಿ ಬೆಲೆ ಹಾಗೇ ಇದ್ದು ಅಳತೆ ಕುಗ್ಗುತ್ತದೆ, ಬೆಲೆ ಸೂಚ್ಯಂಕಕ್ಕೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೆ ಬೆಲೆ ದಾಖಲಿಸುವಾಗ ಪ್ರತಿ ಸಂತೆಯಲ್ಲೂ ಅಳತೆಯನ್ನು ತಕ್ಕಡಿಗೆ ಹಾಕಿ, ಸುಗ್ಗಿಯಲ್ಲೊಮ್ಮೆ, ಅಭಾವದಲ್ಲೊಮ್ಮೆ.

ಉತ್ಪಾದನೆಯ ಅಂಕಿಯನ್ನು ತಟ್ಟಿ ನೋಡಲು ತಲೆಗಿಷ್ಟು ಎಂಬ ಲೆಕ್ಕ ಸಾಕು. ಸುಮಾರು 2 ಕೋಟಿ ಟನ್ ಮರಗೆಣಸು, 3 ಕೋಟಿ ಜನ: ತಲೆಗೆ ವರ್ಷಕ್ಕೆ 667 ಕಿಲೋ, ದಿನಕ್ಕೆ 1.8 ಕಿಲೋ. ಹಸುಗೂಸು, ಮುದುಕರು ಸೇರಿ. ಸಿಪ್ಪೆ, ಕೊಳೆತದ್ದು, ಆಡು ತಿಂದದ್ದು, ಗಾರಿ (ಹುರಿದ ಮರಗೆಣಸಿನ ರವೆ) ಮಾಡುವಾಗ ಹಿಂಡಿ ತೆಗೆದ ನೀರು, ಎಲ್ಲ ಕಳೆದರೂ ಧಾರಾಳವೇ. ಜೀವನಮಟ್ಟ ಸಮೀಕ್ಷೆಯ ಬಳಕೆ ಅಂಕಿಯ ಜೊತೆ ಹೋಲಿಸಿ. 2005/06, 2012/13, 2016/17ರ ಸುತ್ತುಗಳಿವೆ. ಮೂರು ಸಮೀಕ್ಷೆಗಳ ನಡುವಿನ ಬೆಳವಣಿಗೆಯನ್ನು ನಾನು ಕೃಷಿ ಸಚಿವಾಲಯದ ಎಕರೆ–ಇಳುವರಿ ಲೆಕ್ಕಕ್ಕಿಂತ ಹೆಚ್ಚು ನಂಬುತ್ತೇನೆ, ನಡುವಿನ ವರ್ಷಗಳ ಏರಿಳಿತಕ್ಕೆ ಮಾತ್ರ ಸಚಿವಾಲಯದ್ದು.

ಪ್ರಮಾಣಗಳಿಗೆ ಇಷ್ಟು ಬೆವರು ಸುರಿಸಿ ಬೆಲೆಯಲ್ಲಿ ಮುಗ್ಗರಿಸುವವರೇ ಬಹಳ. 2022ರ ಡಿಸೆಂಬರ್‌ನಲ್ಲಿ ಘಾನಾದ ಹಣದುಬ್ಬರ ಶೇ. 54.1 ತಲುಪಿತ್ತು. ಇಂಥ ವರ್ಷದಲ್ಲಿ ಬೆಳವಣಿಗೆ ದರ ಎಂದರೆ ಬಹುಪಾಲು ಡಿಫ್ಲೇಟರ್‌ನ, ಅಂದರೆ ಬೆಲೆ ಏರಿಕೆಯನ್ನು ಕಳಚಲು ಭಾಗಿಸುವ ಸೂಚ್ಯಂಕದ, ದೋಷವೇ. ಒಂದು ವಲಯದ ಚಾಲ್ತಿ ಬೆಲೆಯ ಮೊತ್ತ ಶೇ. 35 ಏರಿದೆ ಎನ್ನಿ. ಡಿಫ್ಲೇಟರ್ ಶೇ. 31 ಆದರೆ 1.35ನ್ನು 1.31ರಿಂದ ಭಾಗಿಸಿ ಶೇ. 3.1. ಶೇ. 29 ಆದರೆ ಶೇ. 4.7. ಬೆಲೆಯಲ್ಲಿ ಎರಡು ಅಂಕದ ಅನುಮಾನ ಬೆಳವಣಿಗೆಯನ್ನು ಒಂದೂವರೆ ಪಟ್ಟು ಮಾಡಿತು. 35ರಲ್ಲಿ 31 ಕಳೆದು ನಾಲ್ಕು ಎನ್ನುವವರೂ ಇದ್ದಾರೆ. ಹಣದುಬ್ಬರ ಒಂದಂಕಿಯಲ್ಲಿದ್ದಾಗ ಆ ಸೋಮಾರಿತನ ನಡೆಯುತ್ತದೆ, ಇಲ್ಲಿ ನಡೆಯದು.

ಇದಕ್ಕಿಂತ ಕೆಟ್ಟದ್ದು ಒಂಟಿ ಡಿಫ್ಲೇಟರ್, ಮೌಲ್ಯವರ್ಧನೆಯನ್ನು ಮಾರಾಟದ ಬೆಲೆಯೊಂದರಿಂದಲೇ ಭಾಗಿಸುವುದು. ಬ್ರೆಡ್ ತಯಾರಿಕೆ ತೆಗೆದುಕೊಳ್ಳಿ, ಗೋಧಿ ಹೊರಗಿನದು. ಮಾರಾಟ 100, ಒಳಸುರಿ 60, ಮೌಲ್ಯವರ್ಧನೆ 40. ಮರುವರ್ಷ ಅಷ್ಟೇ ಬ್ರೆಡ್, ಅಷ್ಟೇ ಗೋಧಿ. ಸೆಡಿ ಕುಸಿದು ಗೋಧಿ ಬೆಲೆ ಶೇ. 50 ಏರಿತು, ಬ್ರೆಡ್ ಬೆಲೆ ಶೇ. 30. ಮಾರಾಟ 130, ಒಳಸುರಿ 90, ಉಳಿದದ್ದು ಅದೇ 40. ಈ 40ನ್ನು 1.3ರಿಂದ ಭಾಗಿಸಿದರೆ 30.8. ಒಂದು ತುಂಡು ಬ್ರೆಡ್ಡೂ ಕಡಿಮೆಯಾಗದೆ ಉದ್ಯಮ ಶೇ. 23 ಕುಸಿಯಿತು! ಮಾರಾಟ, ಒಳಸುರಿ ಎರಡನ್ನೂ ಬೇರೆ ಬೇರೆ ಭಾಗಿಸಿ ಕಳೆದರೆ 100ರಲ್ಲಿ 60, ಅಂದರೆ 40, ಬದಲಾವಣೆ ಇಲ್ಲ. ಒಳಸುರಿ ಬೆಲೆ ಸಿಗದ ಕಡೆ ನಾನು ಬೆಲೆಯ ದಾರಿಯನ್ನೇ ಬಿಟ್ಟು, ಮೂಲ ವರ್ಷದ ಮೌಲ್ಯವರ್ಧನೆಯನ್ನು ಟನ್, ಯೂನಿಟ್, ಲೀಟರ್‌ಗಳ ಏರಿಕೆಯಿಂದ ಗುಣಿಸುತ್ತೇನೆ.

ಕಚ್ಚಾ ಎಣ್ಣೆಯಲ್ಲಿ ಬೇರೆಯೇ ತೊಡಕು. ಸಮುದ್ರದಡಿಯ ಜುಬಿಲಿ ನಿಕ್ಷೇಪದಲ್ಲಿ ಉತ್ಪಾದನೆ ಶುರುವಾದದ್ದು 2010ರ ಕೊನೆಯಲ್ಲಿ, ಅಂದರೆ 2006ರ ಬೆಲೆಯಲ್ಲಿ ಲೆಕ್ಕ ಹಾಕಬೇಕಾದ ಸರಕಿಗೆ 2006ರಲ್ಲಿ ಬೆಲೆಯೇ ಇಲ್ಲ. ಆ ವರ್ಷದ ಬ್ರೆಂಟ್ (ಕಚ್ಚಾ ಎಣ್ಣೆಯ ಅಂತರರಾಷ್ಟ್ರೀಯ ಮಾನದಂಡ ಬೆಲೆ) ಸರಾಸರಿ, ಬ್ಯಾರೆಲ್‌ಗೆ ಸುಮಾರು 65 ಡಾಲರ್, ಅದನ್ನು ಆಗಿನ ವಿನಿಮಯ ದರದಿಂದ ಸೆಡಿಗೆ ತಂದು ಹಾಕಬೇಕು. 2011ರ ಎರಡಂಕಿ ಬೆಳವಣಿಗೆಯ ದೊಡ್ಡ ಭಾಗ ಹೀಗೆ ಬಂದದ್ದು. ಆ ವರ್ಷವನ್ನು ಎಣ್ಣೆ ಬಿಟ್ಟೇ ಓದಿ.

ಕಟ್ಟಡ ನಿರ್ಮಾಣಕ್ಕೆ ಸಿಮೆಂಟ್ ಒಳ್ಳೆಯ ಸೂಚಕ. ಘಾನಾದಲ್ಲಿ ಬಹುಪಾಲು ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಸುಟ್ಟ ಗಟ್ಟಿ) ಹಡಗಿನಲ್ಲಿ ಬಂದು ತೇಮಾ, ತಾಕೊರಾಡಿಗಳಲ್ಲಿ ಪುಡಿಯಾಗುತ್ತದೆ. ಹಾಗಾಗಿ ಬಂದರಿನ ಆಮದು ಅಂಕಿಯೇ ಕಾವಲುಗಾರ. ವಿದ್ಯುತ್ತನ್ನು ಸೂಚಕವಾಗಿ ಬಳಸುವಾಗ ತೇಮಾದ ವಾಲ್ಕೋ ಅಲ್ಯೂಮಿನಿಯಂ ಕಾರ್ಖಾನೆಯ ಬಳಕೆಯನ್ನು ಮೊದಲು ಕಳೆಯಿರಿ. ಅದೊಂದು ನಿಂತು ಹೊರಟರೆ ದೇಶದ ಯೂನಿಟ್ ಅಂಕಿಯೇ ಅಲ್ಲಾಡುತ್ತದೆ. 2012ರಿಂದ 2016ರವರೆಗಿನ 'ದುಮ್ಸೋರ್' ಕಾಲದಲ್ಲಿ, ಟ್ವಿ ಭಾಷೆಯಲ್ಲಿ ಆರಿಸು–ಹತ್ತಿಸು ಎಂದರ್ಥ, ಗ್ರಿಡ್ ಅಂಕಿಗೆ ಅರ್ಥವಿಲ್ಲ. ಅಂಗಡಿಗಳು ಜನರೇಟರ್‌ನಲ್ಲಿ ನಡೆಯುತ್ತಿದ್ದವು. ಉಪಗ್ರಹದ ರಾತ್ರಿ ಬೆಳಕಿಗೂ ಅದೇ ಗತಿ. ಅದನ್ನು ಬಳಸಿದರೆ ವಾರ್ಷಿಕ ಚಿತ್ರ ಮಾತ್ರ ಬಳಸಿ, ಹರ್ಮಟಾನ್ ಧೂಳಿನ ತಿಂಗಳುಗಳೂ ಮಳೆ ಮೋಡದ ತಿಂಗಳುಗಳೂ ಕೆಡಿಸುತ್ತವೆ. ಸಮುದ್ರದ ಮೇಲಿನ ಅನಿಲ ಜ್ವಾಲೆಗಳನ್ನು ಅಳಿಸಿ. ಬೀದಿದೀಪ ಎಲ್‌ಇಡಿಗೆ ಬದಲಾದ ಊರು ಉಪಗ್ರಹದ ಕಣ್ಣಿಗೆ ಮಂಕಾಗಿ ಕಾಣಬಹುದು, ಆ ಸಂವೇದಕಕ್ಕೆ ನೀಲಿ ಬೆಳಕು ಕಾಣದು.

ಗೋಡಂಬಿಯ ವಿಷಯದಲ್ಲಿ ನಮ್ಮ ಕರಾವಳಿಯೇ ಸಾಕ್ಷಿ. ಬೊನೊ ಪ್ರದೇಶದ ಸಾಂಪಾ, ವೆಂಚಿ ಕಡೆಯ ಹಸಿ ಗೋಡಂಬಿ ತೇಮಾದಿಂದ ವಿಯೆಟ್ನಾಂಗೂ ಭಾರತಕ್ಕೂ ಹೋಗುತ್ತದೆ. ಮಂಗಳೂರಿನ ಕಾರ್ಖಾನೆಗಳು ಪಶ್ಚಿಮ ಆಫ್ರಿಕಾದ ಬೀಜವನ್ನು ಎಷ್ಟೋ ವರ್ಷದಿಂದ ಒಡೆಯುತ್ತಿವೆ. ಘಾನಾದ ರಫ್ತು ಅಂಕಿಯನ್ನು ಭಾರತ, ವಿಯೆಟ್ನಾಂಗಳ ಆಮದು ಅಂಕಿಯ ಪಕ್ಕ ಇಟ್ಟು ನೋಡುತ್ತೇನೆ, ಸರಕಿನ ಸಂಕೇತ 080131. ಹಣದಲ್ಲಲ್ಲ, ಟನ್ನಿನಲ್ಲಿ. ಹಣದಲ್ಲಿ ಒಂದು ಕಡೆ ಹಡಗು ಬಾಡಿಗೆ ಸೇರಿರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಪ್ರಯಾಣಕ್ಕೆ ಒಂದೆರಡು ತಿಂಗಳು ಸರಿಸಿ, ಬೀಜ ಒಣಗಿ ತೂಕ ಇಳಿಯುವುದಕ್ಕೂ ಸ್ವಲ್ಪ ಬಿಡಿ. ಆಮೇಲೂ ರಫ್ತು ದೇಶದ ಉತ್ಪಾದನೆಯನ್ನೇ ಮೀರಿದ್ದರೆ ಸಾಂಪಾದ ಆಚೆ ಐವರಿ ಕೋಸ್ಟ್ ಗಡಿ ಇದೆ ಎಂದು ನಕ್ಷೆ ಹೇಳುತ್ತದೆ. ಆ ಬೀಜಕ್ಕೆ ಘಾನಾದಲ್ಲಿ ಸಿಕ್ಕುವುದು ವ್ಯಾಪಾರಿಯ ಲಾಭಾಂಶ ಮಾತ್ರ, ಕೃಷಿ ಉತ್ಪನ್ನವಲ್ಲ.

ಸಣ್ಣ ವ್ಯಾಪಾರಕ್ಕೆ ಮೊಬೈಲ್ ಹಣದ ವಹಿವಾಟನ್ನು ಸೂಚಕ ಮಾಡಿಕೊಳ್ಳುವ ಆಸೆ ಎಲ್ಲರಿಗೂ. 2022ರ ಮೇ ತಿಂಗಳಲ್ಲಿ ಅದರ ಮೇಲೆ ಶೇ. 1.5 ತೆರಿಗೆ ಬಂತು, 2023ರಲ್ಲಿ ಶೇ. 1ಕ್ಕೆ ಇಳಿಯಿತು, 2025ರಲ್ಲಿ ರದ್ದಾಯಿತು. ಜನ ನಗದಿಗೆ ಮರಳಿದ್ದನ್ನು ವ್ಯಾಪಾರ ಕುಸಿಯಿತು ಎಂದು ಓದಬಾರದು. ನಾನು ಈ ಸೂಚಕಕ್ಕೆ ಆ ಮೂರು ಕಡೆ ಗೆರೆ ಎಳೆದು, ತುಂಡುಗಳ ಒಳಗೆ ಮಾತ್ರ ಬೆಳವಣಿಗೆ ನೋಡುತ್ತೇನೆ.

ಕೊನೆಗೆ ವಲಯಗಳನ್ನು 2013ರ ತೂಕದಿಂದ, ಅಂದರೆ ಆ ವರ್ಷ ಜಿಡಿಪಿಯಲ್ಲಿ ಪ್ರತಿಯೊಂದಕ್ಕಿದ್ದ ಪಾಲಿನಿಂದ, ಕೂಡಿಸುವುದು. ತ್ರೈಮಾಸಿಕ ಬೇಕಿದ್ದರೆ ವಾರ್ಷಿಕ ಮೊತ್ತವನ್ನು ಸೂಚಕದ ಅನುಪಾತದಲ್ಲಿ ನೇರ ಹಂಚಬೇಡಿ. ಪ್ರತಿ ಡಿಸೆಂಬರ್–ಜನವರಿ ನಡುವೆ ಮೆಟ್ಟಿಲು ಬೀಳುತ್ತದೆ, ಡೆಂಟನ್ ವಿಧಾನದಿಂದ ಅದನ್ನು ನಯ ಮಾಡಬಹುದು. ಪ್ರತಿ ವಲಯಕ್ಕೆ ಕಡಿಮೆ, ನಡು, ಹೆಚ್ಚು ಎಂದು ಮೂರು ಅಂಕಿ. ಒಟ್ಟನ್ನು 'ಶೇ. 3ರಿಂದ 4.5ರ ನಡುವೆ' ಎಂಬ ಹಾಗೆ ಬರೆಯುತ್ತೇನೆ. ದಶಮಾಂಶದ ಎರಡನೇ ಸ್ಥಾನ ಬರೆದವರ ಕಡತವನ್ನು ಎರಡು ಸಲ ನೋಡುವುದು ನನ್ನ ಅಭ್ಯಾಸ. ಅಕ್ರಾದಿಂದ ಪರಿಷ್ಕೃತ ಅಂಕಿ ಬಂದಾಗ ಹಳೆಯದರ ಮೇಲೆ ಬರೆಯದೆ, ಇಳಿಸಿಕೊಂಡ ದಿನಾಂಕವನ್ನು ಕಡತದ ಹೆಸರಿಗೆ ಸೇರಿಸಿ ಹೊಸದಾಗಿ ಉಳಿಸಿ. ಒಂದೇ ತ್ರೈಮಾಸಿಕದ ಮೂರ್ನಾಲ್ಕು ಆವೃತ್ತಿ ಕೂಡಿದಾಗ ಮೊದಲ ಅಂದಾಜು ಯಾವ ಕಡೆಗೆ, ಎಷ್ಟು ತಪ್ಪುತ್ತದೆ ಎಂಬುದು ಆ ಕಡತಗಳಿಂದಲೇ ಸಿಗುತ್ತದೆ, ಮುಂದಿನ ತ್ರೈಮಾಸಿಕದ ಕಡಿಮೆ–ಹೆಚ್ಚಿನ ನಡುವಿನ ಅಂತರವನ್ನು ಅದರಿಂದಲೇ ಇಡುತ್ತೇನೆ.