ಮೊದಲು ಗಾಜನ್ನು ಗೆಲ್ಲಿ: ಮ್ಯೂಸಿಯಂನಲ್ಲಿ ಫೋಟೊ ತೆಗೆಯುವುದು ಹೇಗೆ?

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ತೆಗೆದ ಎಷ್ಟೋ ಫೋಟೊಗಳಲ್ಲಿ ಗಾಜಿನ ಹಿಂದಿನ ಹುಲಿಗಿಂತ ಚೆನ್ನಾಗಿ ಕಾಣುವುದು ಗಾಜಿನಲ್ಲಿ ಮೂಡಿದ, ಫೋಟೊ ತೆಗೆದವರ ಅಂಗಿ! ಕ್ಯಾಮೆರಾ ಎಷ್ಟೇ ದುಬಾರಿಯಾದರೂ ಗಾಜಿನ ಈ ಕಾಟ ತಪ್ಪದು.

ಟ್ರೈಪಾಡ್, ಸೆಲ್ಫಿ ಕಡ್ಡಿಗೆ ಹಲವು ಕಡೆ ಅವಕಾಶವಿಲ್ಲ. ಬಾಗಿಲಲ್ಲೇ ಕೇಳಿಕೊಳ್ಳಿ. ಬಿಟ್ಟರೂ ಬಿಡದಿದ್ದರೂ ಫ್ಲ್ಯಾಶ್ ಆರಿಸಿಬಿಡಿ. ಅದು ಗಾಜಿಗೆ ಬಡಿದು ವಾಪಸ್ ಬರುತ್ತದೆ, ಅಷ್ಟೇ. ಕೋಣೆ ಮಂಕಾಗಿರುವುದೂ ಸುಮ್ನೆ ಅಲ್ಲ. ಬೆಳಕು ಬಿದ್ದಷ್ಟೂ ತುಪ್ಪಳ, ಗರಿಗಳ ಬಣ್ಣ ಮಾಸುತ್ತದೆ.

1. ಗಾಜಿಗೆ ಅಂಟಿಕೊಳ್ಳಿ

ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ. ಗಾಜಿನ ಮೇಲಿನ ಬೆರಳಚ್ಚನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಲೆನ್ಸನ್ನು ನೇರವಾಗಿ ಗಾಜಿಗೆ ತಾಗಿಸಿ. ಲೆನ್ಸಿನ ತುದಿಗೆ ಹಾಕುವ ರಬ್ಬರ್ ಹುಡ್ ಇದ್ದರೆ ಇನ್ನೂ ಒಳ್ಳೆಯದು, ಗೀರು ಬೀಳುವುದಿಲ್ಲ. ಮೊಬೈಲ್‌ಗೆ ಇದು ಇನ್ನೂ ಸುಲಭ. ಓರೆಯಾಗಿ ತೆಗೆಯಲೇಬೇಕಾದರೆ ಲೆನ್ಸಿನ ಸುತ್ತ ಅಂಗೈ ಮರೆ ಮಾಡಿ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್? ನನ್ನ ಮಟ್ಟಿಗೆ ಬ್ಯಾಗಲ್ಲೇ ಇರಲಿ. ಗಾಜಿಗೆ ನೇರವಾಗಿ ನಿಂತಾಗ ಅದರಿಂದ ಉಪಯೋಗವಿಲ್ಲ, ಇರುವ ಬೆಳಕಿನಲ್ಲೂ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ.

2. ಅಲುಗಾಡದವುಗಳಿಗೆ

ಎಫ್ (ಲೆನ್ಸ್ ಎಷ್ಟು ತೆರೆದಿದೆ ಎಂಬ ಸಂಖ್ಯೆ) 2.8 ಅಥವಾ 4, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಸಂಖ್ಯೆ) 1600ರಿಂದ ಶುರು ಮಾಡಿ. ಮೊಣಕೈಯನ್ನು ಮೈಗೆ ಒತ್ತಿ ಹಿಡಿದರೆ 1/30 ಸೆಕೆಂಡಿನ ಶಟರ್ ವೇಗ (ಕ್ಯಾಮೆರಾ ಬೆಳಕು ಹಿಡಿಯುವ ಸಮಯ) ಕೂಡ ನಡೆಯುತ್ತದೆ. ಎಲ್‌ಇಡಿ ದೀಪದಿಂದ ಪಟ್ಟಿ ಪಟ್ಟಿ ಬಂದರೆ ಶಟರ್ ವೇಗ ಬದಲಿಸಿ: 50 ಹರ್ಟ್ಸ್ ಕರೆಂಟ್ ಇರುವ ದೇಶದಲ್ಲಿ 1/50, 60 ಹರ್ಟ್ಸ್ ಇದ್ದರೆ 1/60. ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮೆರಾ ಮೋಸ ಹೋಗಿ ಪ್ರಾಣಿಯನ್ನು ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕಿಳಿಸಿ.

ಕಾಡಿನ ಚಿತ್ರ ಬರೆದು, ಮುಂದೆ ಪ್ರಾಣಿ ನಿಲ್ಲಿಸಿದ ಡಯೋರಾಮಾಗಳಿಗೆ ಹೆಚ್ಚು ಸಮಯ ಕೊಡಿ. ಸಾಮಾನ್ಯವಾಗಿ ನಡುವೆ ನಿಂತು ನೋಡಿದಾಗಲೇ ಆ ದೂರದ ಬೆಟ್ಟ ನಿಜವೆನಿಸುತ್ತದೆ. ಪಕ್ಕಕ್ಕೆ ಸರಿದರೆ ಗೋಡೆ ಗೋಡೆಯಾಗಿಯೇ ಕಾಣುತ್ತದೆ. ಆಮೇಲೆ ಕಣ್ಣು ನೋಡಿ. ಅದು ಗಾಜಿನದ್ದೇ, ಆದರೂ ದೀಪದ ಒಂದು ಚುಕ್ಕಿ ಅದರಲ್ಲಿ ಹೊಳೆಯುವವರೆಗೆ ತುಸು ಬಗ್ಗಿ, ಏಳಿ, ಸರಿಯಿರಿ. ಚುಕ್ಕಿ ಇಲ್ಲದಿದ್ದರೆ ಚಿರತೆ ಬರೀ ತುಂಬಿದ ತೊಗಲು, ಅಲ್ವಾ?

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ದೊಡ್ಡ ಹಾಲ್‌ನಲ್ಲಿ 2017ರಿಂದ ತೂಗುತ್ತಿರುವ ನೀಲಿ ತಿಮಿಂಗಿಲದ ಅಸ್ಥಿಪಂಜರ ಸುಮಾರು 25 ಮೀಟರ್ ಉದ್ದ. ಇಂಥದ್ದನ್ನು ಕೆಳಗಿನಿಂದ ಪೂರ್ತಿ ಹಿಡಿಯಲು ಒದ್ದಾಡಬೇಡಿ. ಮಹಡಿ ಹತ್ತಿ, ಅದರ ಮಟ್ಟದಲ್ಲೇ ನಿಂತು ತೆಗೆಯಿರಿ. ಕೆಳಗೆ ಓಡಾಡುವ ಜನ ಫ್ರೇಮಿನಲ್ಲಿ ಇರಲಿ, ಗಾತ್ರ ಗೊತ್ತಾಗಲು ಅವರೇ ಬೇಕು.

ಪ್ರತಿ ಫೋಟೊದ ಬೆನ್ನಿಗೇ ಹೆಸರಿನ ಫಲಕವನ್ನೂ ತೆಗೆದಿಟ್ಟುಕೊಳ್ಳಿ.

3. ಜೀವಂತ ಪ್ರಾಣಿಗಳಿಗೆ

ಜೀವಂತ ಕಪ್ಪೆ, ಹಾವು, ಚಿಟ್ಟೆ ಇರುವ ಕಡೆ ಲೆಕ್ಕ ತಿರುಗುಮುರುಗು. ಶಟರ್ ಕನಿಷ್ಠ 1/250 ಇರಲಿ, ಅದಕ್ಕಾಗಿ ಐಎಸ್‌ಒ ಎಷ್ಟು ಏರಿದರೂ ಏರಲಿ. ಕಾಳು ಕಾಳಾದ ಫೋಟೊ ಪರವಾಗಿಲ್ಲ, ಕದಲಿದ ಫೋಟೊ ಬೇಡ. ಸುಮ್ಮನೆ ಕೂತ ಕಪ್ಪೆಯ ಗಂಟಲು ಕೂಡ ಮಿಡಿಯುತ್ತಲೇ ಇರುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣು ಸದಾ ಸಿಗುತ್ತದೆ. ಕಾಯಬೇಕಾದದ್ದು ನಾಲಿಗೆಗೆ; ಒಂದರ ಹಿಂದೊಂದು ಫೋಟೊ ತೆಗೆಯುವ ಬರ್ಸ್ಟ್ ಮೋಡ್ ಹಾಕಿಕೊಳ್ಳಿ. ಗಾಜು ತಟ್ಟಿ ಎಬ್ಬಿಸಬೇಡಿ, ಆ ಕಂಪನ ಹಾವಿನ ಮೈಗೇ ತಾಗುತ್ತದೆ.

ಚಿಟ್ಟೆ ಕೋಣೆ ಬಿಸಿ, ತೇವ. ಏಸಿಯಿಂದ ನೇರ ಒಳಗೆ ಹೋದರೆ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ಕ್ಯಾಮೆರಾ ಬೆಚ್ಚಗಾಗುವವರೆಗೆ ಬ್ಯಾಗ್ ಜಿಪ್ ತೆರೆಯಬೇಡಿ. ಹಾರುವ ಚಿಟ್ಟೆಯ ಹಿಂದೆ ಓಡುವುದು ವ್ಯರ್ಥ. ಹಣ್ಣಿನ ತಟ್ಟೆಯ ಬಳಿ ನಿಂತರೆ ಅವೇ ಬರುತ್ತವೆ. ಕ್ಯಾಮೆರಾವನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಿರಿ, ಆಗ ಇಡೀ ರೆಕ್ಕೆ ಫೋಕಸ್‌ನಲ್ಲಿ ಬರುತ್ತದೆ. ಹೊರಡುವಾಗ ಬೆನ್ನು, ಬ್ಯಾಗು ನೋಡಿಕೊಳ್ಳಿ. ಚಿಟ್ಟೆಯೊಂದು ಅಂಟಿಕೊಂಡಿದ್ದರೆ ನೀವು ಕೈ ಹಾಕಬೇಡಿ, ಸಿಬ್ಬಂದಿಯನ್ನು ಕರೆಯಿರಿ.