ಸಣ್ಣ ಕಾರಿಗೆ ಅಲಾಯ್ ವೀಲ್: ನಾನು ಆರಿಸಿದ್ದು, ಕೂರಿಸಿದ್ದು

ಅಲಾಯ್ ವೀಲ್ ಕೊಳ್ಳಲು ಹೋದವರು ಮೊದಲು ನೋಡುವುದು ಡಿಸೈನ್. ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ವೀಲನ್ನು ತಿರುಗಿಸಿ ಹಿಂಬದಿ ನೋಡಿದೆ. ಅಳತೆಗಳೆಲ್ಲ ಅಚ್ಚಾಗಿರುವುದು ಅಲ್ಲೇ. ನಮ್ಮ ಕಾರಿಗೆ ಹೊಂದದ ವೀಲ್‌ಗಳನ್ನು ಬದಿಗಿಟ್ಟರೆ ಉಳಿಯುವ ಡಿಸೈನ್‌ಗಳು ಕೆಲವೇ. ಆರಿಸುವ ತಲೆನೋವೂ ಕಮ್ಮಿ.

ನನ್ನ ಕಾರಿನಲ್ಲಿ ಇದ್ದದ್ದು 14 ಇಂಚಿನ ಸ್ಟೀಲ್ ರಿಮ್, 165/80 ಆರ್14 ಟೈರ್. 165 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಸೈಡ್‌ವಾಲ್, ಅಂದರೆ ರಿಮ್‌ನಿಂದ ರಸ್ತೆಯವರೆಗಿನ ಟೈರಿನ ಪಕ್ಕದ ಗೋಡೆ, ಎತ್ತರದಲ್ಲಿ ಆ ಅಗಲದ ಶೇ. 80ರಷ್ಟು, ಅಂದರೆ 132 ಮಿ.ಮೀ. ಮೇಲೆ ಕೆಳಗೆ ಎರಡೂ ಕಡೆ ಸೇರಿಸಿ, 14 ಇಂಚಿನ ರಿಮ್ ಕೂಡಿಸಿದರೆ ಪೂರ್ತಿ ವ್ಯಾಸ ಸುಮಾರು 620 ಮಿ.ಮೀ. ವೀಲ್ ಯಾವುದೇ ಬರಲಿ, ಈ 620 ಜಾಸ್ತಿ ಬದಲಾಗಬಾರದು. ಶೇ. 3ರ ಒಳಗೆ ಇದ್ದರೆ ಸರಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಅಷ್ಟು ಸಡಿಲವನ್ನೂ ಕೊಡಲಿಲ್ಲ. 185/65 ಆರ್15 ಲೆಕ್ಕ ಹಾಕಿದಾಗ 621.5 ಬಂತು. ಹೆಚ್ಚುಕಮ್ಮಿ ಅದೇ ಅಳತೆ, ಅದನ್ನೇ ಆರಿಸಿದೆ. 195/55 ಆರ್15 ನೋಡಲು ಚೆನ್ನಾಗಿತ್ತು, ಆದರೆ ವ್ಯಾಸ 595.5ಕ್ಕೆ ಇಳಿಯುತ್ತಿತ್ತು. ಕಾರು 12 ಮಿ.ಮೀ. ತಗ್ಗುತ್ತದೆ, ಸ್ಪೀಡೋಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ಬೇಡ ಅಂದೆ.

16 ಇಂಚು ಯಾಕೆ ಬೇಡ? 195/55 ಆರ್16 ಹಾಕಿದರೂ ವ್ಯಾಸ ಸುಮಾರು 621 ಬರುತ್ತದೆ. ಲೆಕ್ಕ ಸರಿಯೇ. ಆದರೆ ಸೈಡ್‌ವಾಲ್ 107 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಏಟು ನುಂಗುವುದು ಈ ಸೈಡ್‌ವಾಲ್. ಅದು ಗಿಡ್ಡವಾದಷ್ಟೂ ರಿಮ್ ಬಾಗುವ ಭಯ ಜಾಸ್ತಿ. ಒಳಗಿನ ದಾರಗಳು ತುಂಡಾಗಿ ಪಕ್ಕ ಉಬ್ಬಿಕೊಂಡರೆ ಆ ಟೈರ್ ಎಸೆಯಬೇಕು, ಪಂಕ್ಚರ್ ಹಾಕಿದಂತೆ ರಿಪೇರಿ ಆಗಲ್ಲ. ಜೊತೆಗೆ ವೀಲ್ ದೊಡ್ಡದಾದರೆ ತೂಕವೂ ಏರುತ್ತದೆ. ಅಲಾಯ್ ಅಂದರೆ ಹಗುರ ಅಂತ ಸುಮ್ನೆ ನಂಬಬೇಡಿ. ಅಗಲವಾದ, ದಪ್ಪ ಎರಕದ ಅಲಾಯ್ ವೀಲ್ ಹಳೆಯ ಸ್ಟೀಲ್ ರಿಮ್‌ಗಿಂತ ಭಾರವಿರಬಹುದು. ನಾನು ಎರಡನ್ನೂ ತಕ್ಕಡಿಗೆ ಇಟ್ಟು ನೋಡಿಯೇ ತೀರ್ಮಾನ ಮಾಡಿದೆ. ಸಣ್ಣ ಎಂಜಿನ್ ಇರುವ ಕಾರಿಗೆ ಈ ಭಾರ ಬೇಗ ಗೊತ್ತಾಗುತ್ತದೆ. ಸಸ್ಪೆನ್ಷನ್‌ಗೂ ಕೆಲಸ ಜಾಸ್ತಿ.

ಇನ್ನು ವೀಲಿನ ಅಳತೆ. ಪಿಸಿಡಿ ಅಂದರೆ ಎಲ್ಲ ಬೋಲ್ಟ್ ತೂತುಗಳ ಕೇಂದ್ರದ ಮೂಲಕ ಹಾದುಹೋಗುವ ವೃತ್ತದ ವ್ಯಾಸ. ನನ್ನದು 4x100, ಅಂದರೆ ನಾಲ್ಕು ತೂತು, 100 ಮಿ.ಮೀ. ವೃತ್ತ; ಅನೇಕ ಸಣ್ಣ ಕಾರುಗಳಲ್ಲಿ ಇದೇ ಇರುತ್ತದೆ. 4x98, 4x108 ಕೂಡ ಇವೆ. 98ಕ್ಕೂ 100ಕ್ಕೂ ಎರಡೇ ಮಿಲಿಮೀಟರ್ ಅಲ್ವಾ, ಹೇಗೋ ಕೂರುತ್ತೆ ಅನ್ನುವವರ ಮಾತು ಕೇಳಬೇಡಿ. ನಟ್ ಓರೆಯಾಗಿ ಕೂತು ಬರಬರುತ್ತಾ ಸಡಿಲವಾಗುತ್ತದೆ.

ಜನ ಎಡವುವುದು ಆಫ್‌ಸೆಟ್‌ನಲ್ಲಿ. ವೀಲ್ ಮೇಲೆ ಇಟಿ ಅಂತ ಬರೆದು ಒಂದು ಸಂಖ್ಯೆ ಇರುತ್ತದೆ. ವೀಲಿನ ಅಗಲದ ಸರಿಮಧ್ಯದಿಂದ ಅದು ಹಬ್‌ಗೆ (ಕಾರಿನಲ್ಲಿ ವೀಲ್ ಕೂರುವ ತಿರುಗುವ ಭಾಗ) ಅಂಟುವ ಮುಖ ಎಷ್ಟು ಮಿ.ಮೀ. ದೂರ ಅನ್ನುವ ಲೆಕ್ಕ ಅದು. ಇಟಿ ಕಮ್ಮಿಯಾದರೆ ವೀಲ್ ಹೊರಗೆ ಬರುತ್ತದೆ, ಜಾಸ್ತಿಯಾದರೆ ಒಳಗೆ ಹೋಗುತ್ತದೆ. ನನ್ನ ಹಳೆ ರಿಮ್ 5 ಇಂಚು ಅಗಲ, ಇಟಿ 45. ಅಂಗಡಿಯಲ್ಲಿ ತುಂಬ ಇಷ್ಟವಾದ ಒಂದು ಜೊತೆ 6 ಇಂಚು ಅಗಲ, ಇಟಿ 38. ಅಗಲ ಒಂದು ಇಂಚು ಏರಿದರೆ ಎರಡೂ ಬದಿಗೆ ತಲಾ 12.7 ಮಿ.ಮೀ. ಹಂಚಿಹೋಗುತ್ತದೆ. ಆಫ್‌ಸೆಟ್‌ನ 7 ಸೇರಿದರೆ ಹೊರಗೆ ಸುಮಾರು 20. ಹಿಂದಿನ ಸೀಟಿನಲ್ಲಿ ಮೂವರು ಕೂತರೆ ಟೈರ್ ಮಡ್‌ಗಾರ್ಡ್ ಅಂಚಿಗೆ ತಾಗುವ ಅಂತರ ಅದು. ಬಿಟ್ಟುಬಿಟ್ಟೆ. ಕೊಂಡಿದ್ದು 5.5 ಇಂಚು, ಇಟಿ 43. ಹೊರಗೆ 8 ಮಿ.ಮೀ. ಚಿಲ್ಲರೆ, ಒಳಗೆ 4 ಮಿ.ಮೀ. ಚಿಲ್ಲರೆ. 185ರ ಟೈರಿಗೂ ಇದೇ ಸರಿಯಾದ ಅಗಲ.

ಸೆಂಟರ್ ಬೋರ್, ಅಂದರೆ ಹಬ್ ತೂರುವ ವೀಲಿನ ನಡುವಿನ ತೂತಿನ ವಿಷಯ ಅಂಗಡಿಯವರು ತಾವಾಗಿ ಹೇಳುವುದು ಕಮ್ಮಿ. ಸುಜುಕಿ, ಹ್ಯುಂಡೈ ಸಣ್ಣ ಕಾರುಗಳ ಹಬ್ ಸಾಮಾನ್ಯವಾಗಿ 54.1 ಮಿ.ಮೀ., ಹೋಂಡಾದಲ್ಲಿ 56.1, ಫೋಕ್ಸ್‌ವ್ಯಾಗನ್‌ನಲ್ಲಿ 57.1. ಕಾರು ತಯಾರಕರಲ್ಲದ, ವೀಲ್ ಮಾತ್ರ ಮಾಡುವ ಕಂಪನಿಗಳು ಎಲ್ಲ ಕಾರಿಗೂ ಆಗಲಿ ಅಂತ 67.1ರಂಥ ದೊಡ್ಡ ತೂತು ಬಿಡುತ್ತವೆ. ನಡುವಿನ ಜಾಗ ತುಂಬಲು ಹಬ್ ರಿಂಗ್ ಬೇಕು. ಇಲ್ಲದಿದ್ದರೆ ವೀಲ್ ನಟ್‌ಗಳ ಮೇಲಷ್ಟೇ ನಿಲ್ಲುತ್ತದೆ, ನಡುವೆ ಸರಿಯಾಗಿ ಕೂರದೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಆಮೇಲೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಪ್ರಯೋಜನ ಇಲ್ಲ. ನಾನು 67.1ರಿಂದ 54.1ಕ್ಕೆ ಇಳಿಸುವ ನಾಲ್ಕು ರಿಂಗ್‌ಗಳನ್ನು ವೀಲ್ ಜೊತೆಗೇ ಕೇಳಿ ತೆಗೆದುಕೊಂಡೆ.

ಟೈರಿನಲ್ಲಿ ಲೋಡ್ ಇಂಡೆಕ್ಸ್ ನೋಡಿದೆ. ಹಳೆಯದು 85, ಅಂದರೆ ಒಂದು ಟೈರ್ 515 ಕೆ.ಜಿ. ಹೊರುತ್ತದೆ. ಹೊಸದು 88, ಅಂದರೆ 560. ಏರಿದರೆ ತೊಂದರೆ ಇಲ್ಲ, ಇಳಿಯಬಾರದು. ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆ ಗುರುತೂ ಇರುತ್ತದೆ. 2324 ಅಂದರೆ 2024ರ 23ನೇ ವಾರ. ದುಡ್ಡು ಎಲ್ಲಾದರೂ ಉಳಿಸಲೇಬೇಕಾದರೆ ವೀಲಿನಲ್ಲಿ ಉಳಿಸಿ, ಟೈರಿನಲ್ಲಿ ಬೇಡ. ಬ್ರೇಕ್ ಹಾಕಿದಾಗ ರಸ್ತೆ ಹಿಡಿಯುವುದು ಟೈರ್ ತಾನೇ!

ಕೂರಿಸುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿಸಿದೆ. ಅಲ್ಲಿ ತೆಳ್ಳಗೆ ತುಕ್ಕು ಉಳಿದರೂ ವೀಲ್ ಸಮನಾಗಿ ಕೂರಲ್ಲ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಎದುರುಬದುರಾಗಿ ಬಿಗಿಸಬೇಕು. ಗಾಳಿ ಗನ್‌ನಲ್ಲಿ ಟರ್ರ್ ಅಂತ ಒಂದೇ ಸಲ ಹೊಡೆಯಲು ಬಿಡಲಿಲ್ಲ. ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲಿ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್), ಕಾರಿನ ಕೈಪಿಡಿಯಲ್ಲಿದ್ದ 85 ನ್ಯೂಟನ್ ಮೀಟರ್‌ಗೆ. ಈ ಸಂಖ್ಯೆ ಕಾರಿಂದ ಕಾರಿಗೆ ಬೇರೆ. ಆಮೇಲೆ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಕಾರು ತುಂಬ ಜನ ಕೂರಿಸಿ, ಎಲ್ಲಾದರೂ ತಾಗುತ್ತಾ ಅಂತ ನೋಡಿದೆ. ಎಲ್ಲೂ ತಾಗಲಿಲ್ಲ. 100 ಕಿ.ಮೀ. ಒಳಗೆ ನಟ್‌ಗಳನ್ನು ಮತ್ತೆ ಅದೇ ಟಾರ್ಕ್‌ಗೆ ಪರೀಕ್ಷಿಸಿದೆ. ಹೊಸ ವೀಲ್ ಸ್ವಲ್ಪ ಓಡಿ ಕೂತ ಮೇಲೆ ಬಿಗಿ ಸಡಿಲವಾಗುವುದುಂಟು.

ಸ್ಟೆಪ್ನಿ ಹಳೆಯ 14 ಇಂಚಿನದೇ ಉಳಿದಿದೆ. ವ್ಯಾಸ ಎರಡು ಮಿ.ಮೀ. ಅಷ್ಟೇ ವ್ಯತ್ಯಾಸ, ಹಾಗಾಗಿ ಪಂಕ್ಚರ್ ಅಂಗಡಿ ತಲುಪಲು ಧಾರಾಳ ಸಾಕು. ಆದರೆ ಅಲಾಯ್‌ನಲ್ಲಿ ನಟ್ ಕೂರುವ ಗುಳಿ ಕಿರಿದು. ಕಾರಿನ ಜೊತೆ ಬಂದ ವೀಲ್ ಸ್ಪ್ಯಾನರ್ ಅದರೊಳಗೆ ಹೋಗುವುದಿಲ್ಲ. ತೆಳು ಅಂಚಿನ ಒಂದು ಸಾಕೆಟ್ ಕೊಂಡು, ಜಾಕ್ ಪಕ್ಕದಲ್ಲೇ ಇಟ್ಟಿದ್ದೇನೆ.